ಸಾರಿನ ಸೌಟು

ಯೊಕೊಹಾಮಾದ ಪ್ರವಾಸಿ ಹಡಗಿನಲ್ಲಿ ಬೆಳಗಿನ ಮಿಸೊ ಸಾರು ರುಚಿಯಾಗಿತ್ತೆಂದು ಫುಸಾಎ ಎರಡನೇ ಸಲ ಬಫೆ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಇಬ್ಬರು ಹೆಂಗಸರು.

“ಇಕುಯೊ ಅವ್ರೇ, ಸಾರು ಬೇಡ್ವಾ?”

“ಥೂ, ಬೇಡ ಕಣ್ರೀ. ಒಬ್ಬ ಮುದುಕ ದಿನಾ ಸೌಟನ್ನೇ ಬಾಯಿಗಿಟ್ಟು ಸೊರ್ರಂತ ಎಳ್ದು, ವಾಪಸ್ ಪಾತ್ರೆಗೇ ಅದ್ದುತ್ತಾನೆ.”

“ಮೊನ್ನೆ ಗಂಡಸರ ಸಾಮೂಹಿಕ ಸ್ನಾನದ ತೊಟ್ಟೀಲಿ ಎಲ್ರೂ ಕೂತಿರೋವಾಗ್ಲೇ ಹಲ್ಲುಸೆಟ್ಟು ತೊಳೆದ್ನಂತಲ್ಲ, ಅವನೇನಾ?”

“ಅವನೇ.”

“ಅಸಹ್ಯ! ಹಡಗಿನವರಿಗೆ ಹೇಳ್ಬಾರ್ದಾ?”

“ಹೇಳಿದ್ರೆ, ಯಾವ ಕೋಣೆಯವನು ಅಂತ ಕೇಳ್ತಾರೆ.”

“ಕೇಳ್ಲಿ, ಅದ್ರಲ್ಲೇನು?”

“ನನ್ ಕೋಣೆನೇ ಕಣ್ರೀ. ನಮ್ಮೆಜಮಾನ್ರು.”

ಇಕುಯೊ ಹಿಂದೆ ತಿರುಗಿ, ಫುಸಾಎಯ ಖಾಲಿ ಬಟ್ಟಲು ಕಂಡು, ಸೊಂಟ ಬಗ್ಗಿಸಿ ನಮಸ್ಕರಿಸಿದಳು.

“ಕಾಯಿಸಿಬಿಟ್ವಿ, ಕ್ಷಮಿಸಿ. ನೀವು ಬಡಿಸ್ಕೊಳ್ಳಿ.”

ಇಬ್ಬರೂ ಬ್ರೆಡ್ಡಿನ ಕಡೆ ನಡೆದರು. ಫುಸಾಎ ರೂಢಿಯಂತೆ ತಾನೂ ಬಗ್ಗಿದಳು. ಬಗ್ಗಿದೊಡನೆ ಮೊದಲ ಬಟ್ಟಲಿನ ಸಾರು ಗಂಟಲಿಗೆ ಬಂತು.