ಜಮಖಾನಿ ಬ್ರೇಕು

ನವಲಗುಂದದಲ್ಲಿ ನಾನು ಹುಬ್ಬಳ್ಳಿ ಬಸ್ಸಿಗೆ ಕಾಯುತ್ತ ಕೂತಿದ್ದ ಕಟ್ಟೆಗೆ ಬೈಕೊಂದು ಬಂದು ಗುದ್ದಿ ನಿಂತಿತು. ಓಡಿಸುತ್ತಿದ್ದ ಗಂಡನ ಹಿಂದೆ ಜಮಖಾನೆಯನ್ನು ಪ್ಯಾರಾಶೂಟಿನ ಹಾಗೆ ಗಾಳಿಗೆ ಬಿಚ್ಚಿ ಹಿಡಿದು ಕೂತಿದ್ದ ಹೆಂಡತಿ ಅದನ್ನು ಮಡಚುತ್ತ ಇಳಿದಳು.

“ಬ್ರೇಕ್ ಹಾಕಿಸ್ರಿ ಅಂತ ದೀಪಾವಳಿಯಿಂದ ಹೇಳಾಕತ್ತೀನಿ.”

“ಮಂಗಳ ಗ್ರಹಕ್ಕ ಹೋಗೂ ನೌಕಿಗೆ ಬ್ರೇಕ್ ಐತೇನು? ಅಲ್ಲಿ ಗಾಳಿಯೊಳಗ ಮೈ ತಿಕ್ಕಿ, ಸುತ್ತು ಹಾಕಿ ಹಾಕಿ ಓಟ ಕಡಿಮಿ ಮಾಡಕೊಂತೈತಿ. ಟಿವಿಯಾಗ ತೋರಿಸ್ಯಾರ.”

“ಅದಕ್ಕ ನಮ್ಮವ್ವನ ಮನಿಗೂ ಸುತ್ತು ಹಾಕಿದ್ರೇನು? ಆಕಿ ಆರತಿ ತಾಟು ಹಿಡಕೊಂಡು ನಿಂತಿದ್ಲು. ನಾವು ಹಾದು ಹೋದಂಗೆಲ್ಲ ದೀಪ ಆರಿ ಆರಿ ಹೋತು.”

“ಕಡೀಕ ಗಾಡಿ ನಿಂತಿತೋ ಇಲ್ಲೋ?”

“ಮೇವಿನ ಬಣವಿಯೊಳಗ ಹೊಕ್ಕು ನಿಂತಿತ್ರಿ.”

“ನೀ ಜಮಖಾನಿ ಸಡ್ಲ ಹಿಡದಿದ್ದಿ.”

ಆಕೆ ಜಮಖಾನೆಯ ಕೊನೆಯ ಮಡಿಕೆ ಮಡಚಿದಳು.

“ಆ ನೌಕಿ ಹಿಂದ ಹೆಂಡ್ತಿ ಕುಂತಿರ್ತಾಳೇನ್ರಿ?”

“ಹುಚ್ಚಿ, ಅದರಾಗ ಯಾರೂ ಇರಂಗಿಲ್ಲ.”

“ಹಂಗಾರ ನಾನೂ ಇರಂಗಿಲ್ಲ.”

ಬಸ್ಸು ಬಂತು. ಆಕೆ ಜಮಖಾನೆಯನ್ನು ಬಗಲಲ್ಲಿಟ್ಟುಕೊಂಡು ಹತ್ತಿ ಕಿಟಕಿಗೆ ಕೂತಳು. ನಾನು ಹಿಂದಿನ ಸೀಟು ಹಿಡಿದೆ. ಬಸ್ಸು ಊರು ದಾಟುವಷ್ಟರಲ್ಲಿ ಗಂಡ ಬೈಕಿನ ಮೇಲೆ ಬೆನ್ನು ಹತ್ತಿ ಬಂದ.

“ಲೇ ಅಮೃತಾ! ನೀ ಬರದಿದ್ರ ಬ್ಯಾಡ, ನನ್ನ ಬ್ರೇಕ್ ಕೊಟ್ಟು ಹೋಗ!”

ಆಕೆ ಜಮಖಾನೆಯನ್ನು ಕಿಟಕಿಯಿಂದ ಹೊರಗೆ ಚಾಚಿದಳು. ಅಷ್ಟರಲ್ಲಿ ಅವನು ಬಸ್ಸನ್ನೂ ದಾಟಿ ಹೋಗಿಬಿಟ್ಟಿದ್ದ.