ಗ್ರಾಪ್ಪಾ ಬಾಟಲಿ ಖಾಲಿಯಾದ ಬಗ್ಗೆ ನನ್ನ ಎರಡನೆಯ ಹೇಳಿಕೆ

ಇಂದು ಮಧ್ಯಾಹ್ನದ ದೂರಿನಲ್ಲಿ ಬರೆಸಿರುವ ಹೆಸರಿನವನೇ ಆದ, ಕೆಲಸದ ಜಾಗದಲ್ಲಿ ಎಲ್ಲರೂ ಮೇಷ್ಟ್ರು ಎಂದು ಕರೆಯುವ ನಾನು, ವಯಸ್ಸು 49 ವರ್ಷ, ಉದ್ಯೋಗ ರೆಸ್ಟೋರೆಂಟಿನ ಬಾರ್ ಕೌಂಟರಿನಲ್ಲಿ ಪಾನೀಯ ಬೆರೆಸಿ ಕೊಡುವುದು, ವಾಸ ಹಳೆಯ ಅಂಚೆ ಕಚೇರಿಯ ಹಿಂದಿನ ರಸ್ತೆಯಲ್ಲಿ ಬೇಕರಿಯ ಮೇಲಿನ ಎರಡನೇ ಮಹಡಿ, ಈ ಮೂಲಕ ತಿಳಿಸುವುದೇನೆಂದರೆ, ಮಧ್ಯಾಹ್ನ 12.40ಕ್ಕೆ ಇದೇ ಮೇಜಿನ ಮುಂದೆ ಕುಳಿತು ನಾನು ಕೊಟ್ಟ ದೂರು ತಪ್ಪಾಗಿದೆ. ಆ ದೂರಿನ ಮೇಲೆ ಠಾಣೆಯಲ್ಲಿ ಕೂರಿಸಿಕೊಂಡಿರುವ ಹೆಂಗಸು ಏನನ್ನೂ ಕದ್ದಿಲ್ಲ, ಏನನ್ನೂ ಕುಡಿದಿಲ್ಲ. ಅವರನ್ನು ಮನೆಗೆ ಕಳಿಸಬೇಕೆಂದು ಕೇಳಲು ಬಂದಿದ್ದೇನೆ. ನಡೆದದ್ದು ಈ ಕೆಳಗಿನಂತಿದೆ.

ಸದರಿ ಹೆಂಗಸನ್ನು ನಾವು ಗ್ಲಾಸಕ್ಕ ಎನ್ನುತ್ತೇವೆ. ವಯಸ್ಸು ಸುಮಾರು 55. ಹನ್ನೊಂದು ವರ್ಷದಿಂದ ನಮ್ಮಲ್ಲಿ ಗ್ಲಾಸ್ ತೊಳೆದು ಒರೆಸುವ ಕೆಲಸ ಮಾಡುತ್ತಾರೆ. ವಿಶೇಷ ದಿನಗಳಲ್ಲಿ ಗ್ಲಾಸುಗಳನ್ನು ಮೊದಲು ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಬಿಸಿನೀರಿನಲ್ಲಿ ಜಾಲಿಸಿ, ಬೋರಲು ಹಾಕಿ ಒಣಗಿಸಬೇಕು. ಈ ಸ್ಪಿರಿಟ್ ಡ್ರಮ್ಮಿನಲ್ಲಿ ಬರುತ್ತದೆ. ಅದನ್ನು ಲೇಬಲ್ ಇಲ್ಲದ ಬಾಟಲಿಗೆ ತುಂಬಿ ಗ್ಲಾಸ್ ತೊಳೆಯುವ ತೊಟ್ಟಿಯ ಎಡಗಡೆ ಇಡುತ್ತೇವೆ. ಎಡಗಡೆ ಇರುವ ಲೇಬಲ್ ಇಲ್ಲದ ಬಾಟಲಿ ಒರೆಸಲಿಕ್ಕೆ ಎಂಬ ನಿಯಮ ಮಾಡಿದವನು ನಾನೇ.

ಇಂದು ಮಧ್ಯಾಹ್ನ 1.00 ಗಂಟೆಗೆ ಹದಿನಾರು ಮಂದಿ ಅತಿಥಿಗಳಿಗೆ ಗ್ರಾಪ್ಪಾ ಪರಿಚಯಿಸುವ ಕಾರ್ಯಕ್ರಮವಿತ್ತು. ಗ್ರಾಪ್ಪಾ ಎಂದರೆ ಇಟಲಿಯ ದ್ರಾಕ್ಷಿ ಮದ್ಯ. ವೈನ್‌ಗೆಂದು ದ್ರಾಕ್ಷಿ ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಮತ್ತು ಬೀಜವನ್ನು ಭಟ್ಟಿ ಇಳಿಸಿ ಮಾಡುತ್ತಾರೆ. ನೋಡಲು ನೀರಿನಂತೆಯೇ ಇರುತ್ತದೆ. ಇದನ್ನು ಮೆನುವಿನಲ್ಲಿ ಸೇರಿಸಿ ಎಂದು ನಾಲ್ಕು ವರ್ಷದಿಂದ ಯಜಮಾನರ ಬೆನ್ನು ಬಿದ್ದಿದ್ದೆ. ಅತಿಥಿಗಳು ಮೆಚ್ಚಿದರೆ ಮೆನುವಿನಲ್ಲಿ ಒಂದು ಪುಟ ಕೊಡುತ್ತೇನೆ, ಮೆಚ್ಚದಿದ್ದರೆ ಈ ಮಾತು ಮತ್ತೆ ಎತ್ತಬೇಡ ಎಂದು ಅವರು ಹೇಳಿದ್ದರು. ಇದ್ದದ್ದು ಒಂದೇ ಬಾಟಲಿ.

ನಮ್ಮ ಕೆಲಸದವರೆಲ್ಲ ಇದನ್ನು ದ್ರಾಕ್ಷಿ ಸಾರಾಯಿ ಎನ್ನುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮೂರು ವಾರದ ಹಿಂದೆ ಎಲ್ಲರನ್ನೂ ನಿಲ್ಲಿಸಿಕೊಂಡು, ಇನ್ನು ಮುಂದೆ ಯಾರಾದರೂ ಸಾರಾಯಿ ಎಂದರೆ ನೋಡಿ, ಭಟ್ಟಿ ಇಳಿಸಿದ ಮದ್ಯಕ್ಕೆ ಇಂಗ್ಲಿಷಿನಲ್ಲಿ ಸ್ಪಿರಿಟ್ ಎನ್ನುತ್ತಾರೆ, ಇದನ್ನು ಸ್ಪಿರಿಟ್ ಅಂತಲೇ ಕರೆಯಬೇಕು ಎಂದು ತಾಕೀತು ಮಾಡಿದ್ದೆ. ಉಳಿದವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಗ್ಲಾಸಕ್ಕ ಒಬ್ಬರೇ ಹಾಗೆ ಕರೆಯಲು ಕಲಿತರು.

ಬೆಳಿಗ್ಗೆ 10.20ಕ್ಕೆ ಬೀರುವಿನಿಂದ ಬಾಟಲಿ ತೆಗೆದೆ. ಬಣ್ಣವಿಲ್ಲದ ಗ್ರಾಪ್ಪಾವನ್ನು ತಂಪಾಗಿ ಕೊಡಬೇಕು. ಮರದ ಪೀಪಾಯಿಯಲ್ಲಿಟ್ಟು ಬಣ್ಣ ಬಂದದ್ದಾದರೆ ತಂಪು ಬೇಡ. ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಸಣ್ಣ ಗ್ಲಾಸಿನಲ್ಲಿ ಎರಡು ಬೆರಳಿನಷ್ಟು ಹಾಕಿ, ಕೈಯ ಬಿಸಿ ತಾಗದಂತೆ ಗ್ಲಾಸಿನ ಕಡ್ಡಿಯಂಥ ಕಾಲು ಹಿಡಿದು, ಮೂಗನ್ನು ಒಳಗೆ ತುರುಕದೆ ಸ್ವಲ್ಪ ದೂರದಿಂದ ವಾಸನೆ ತೆಗೆದುಕೊಂಡು, ಗುಟುಕು ಗುಟುಕಾಗಿ ಕುಡಿಯಬೇಕು. ನಮ್ಮ ಗಿರಾಕಿಗಳು ಯಾವ ಮದ್ಯಕ್ಕಾದರೂ ಕೋಲಾ ಸುರಿದು ಒಂದೇ ಏಟಿಗೆ ಗಂಟಲಿಗಿಳಿಸುತ್ತಾರೆ. ಈ ಹಂತದಲ್ಲಿ, ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ರೈಟರ್ ಅವರು ಪಾಠ ಬೇಡ, ವಿಷಯಕ್ಕೆ ಬನ್ನಿ ಎಂದರು. ಇದೇ ವಿಷಯ ಎಂದು ನಾನು ಹೇಳಿದೆ.

ಬಾಟಲಿಯನ್ನು ಐಸ್ ನೀರಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟಿದ್ದೆ. 10.50ಕ್ಕೆ ತೆಗೆದು, ಟವೆಲ್ಲಿನಲ್ಲಿ ಒರೆಸಿ, ತೊಟ್ಟಿಯ ಬಲಗಡೆ ನಿಂಬೆಹಣ್ಣಿನ ಬುಟ್ಟಿ ಇದ್ದದ್ದರಿಂದ ಎಡಗಡೆ ಇಟ್ಟೆ. ಕಾಗದದ ಲೇಬಲ್ ನೀರಿನಲ್ಲಿ ನೆನೆದು ಕಳಚಿಹೋಗಿದ್ದನ್ನು ಗಮನಿಸಲಿಲ್ಲ. ಆಮೇಲೆ ಹನ್ನೊಂದು ಅಡಿ ದೂರದಲ್ಲಿ ಕೌಂಟರಿಗೆ ಒರಗಿ ನಿಂತಿದ್ದ ಯಜಮಾನರಿಗೆ ಕಾರ್ಯಕ್ರಮ ವಿವರಿಸಿದೆ. ಮೊದಲು ಬರೀ ಗ್ರಾಪ್ಪಾ, ನಂತರ ನಿಂಬೆರಸ, ಜೇನು, ಪುದೀನ ಸೇರಿಸಿ ಕುಲುಕಿದ ಕಾಕ್‌ಟೇಲ್, ಕೊನೆಗೆ ಕಾಫಿ. ಕಾಫಿ ಮುಗಿದ ಬಿಸಿ ಕಪ್ಪಿಗೆ ಒಂದು ಚಮಚ ಗ್ರಾಪ್ಪಾ ಹಾಕಿ, ಸುತ್ತ ಆಡಿಸಿ ಕುಡಿಯುವುದು ಅಲ್ಲಿಯವರ ರೂಢಿ. ಅದನ್ನು ಹೇಳುವಾಗ ನನಗೇ ಬಾಯಲ್ಲಿ ನೀರೂರಿತು. ಯಜಮಾನರು ಫೋನ್ ನೋಡುತ್ತಿದ್ದರು.

11.05ಕ್ಕೆ ಪುದೀನ ಮತ್ತು ಜೇನು ತರಲು ನಾಲ್ಕು ನೂರು ಮೀಟರ್ ದೂರದ ಮಾರುಕಟ್ಟೆಗೆ ಹೋದೆ. 11.40ಕ್ಕೆ ವಾಪಸು ಬಂದು ನೋಡಿದರೆ ಬಾಟಲಿ ಖಾಲಿಯಾಗಿ ತೊಟ್ಟಿಯ ಪಕ್ಕ ಮಲಗಿತ್ತು. ಒರೆಸಿ ಮುಗಿದು ಇನ್ನೂ ಜಾಲಿಸದ ಅರವತ್ತನಾಲ್ಕು ಗ್ಲಾಸುಗಳು ತಟ್ಟೆಗಳ ಮೇಲೆ ಬೋರಲಾಗಿದ್ದವು. ನಾನು ಬಾಯಿ ತೆರೆಯುವ ಮೊದಲೇ ಗ್ಲಾಸಕ್ಕ ಹೇಳಿದ್ದು: "ಸ್ಪಿರಿಟ್ ಪೂರ್ತಿ ಖಾಲಿ ಆಯ್ತು ಮೇಷ್ಟ್ರೆ, ಬೇರೆ ತರಿಸಿ."

ಕುಡಿದದ್ದೂ ಅಲ್ಲದೆ ಇನ್ನೊಂದು ಬಾಟಲಿ ಕೇಳುತ್ತಿದ್ದಾರೆ ಎಂದುಕೊಂಡೆ. ಐದು ಅಡಿ ದೂರದಿಂದಲೇ ಅವರ ಮೈಯಿಂದ ದ್ರಾಕ್ಷಿಯ ವಾಸನೆ ಬರುತ್ತಿತ್ತು. ಎಲ್ಲರೆದುರು ಬಾಯಿಗೆ ಬಂದಂತೆ ಬೈದೆ. ಎಲ್ಲಿ, ಬಾಯಿ ಊದಿ ಎಂದೆ. ಅವರು ಊದಲಿಲ್ಲ. ಒದ್ದೆ ಕೈಗಳನ್ನು ಮುಂದಕ್ಕೆ ಚಾಚಿದರು. ಕ್ಷಮೆ ಕೇಳುತ್ತಿದ್ದಾರೆ ಎಂದು ತಿಳಿದು ಮುಖ ತಿರುಗಿಸಿದೆ. ಯಜಮಾನರು 11.55ಕ್ಕೆ ಠಾಣೆಗೆ ಫೋನ್ ಮಾಡಿದರು. 12.20ಕ್ಕೆ ಜೀಪ್ ಬಂತು. ಕೆಲಸದ ಒದ್ದೆ ಮೇಲಂಗಿ ಬಿಚ್ಚಿಟ್ಟು ಬರುತ್ತೇನೆ ಎಂದು ಗ್ಲಾಸಕ್ಕ ಕೇಳಿದ್ದಕ್ಕೆ, ಅದರ ವಾಸನೆಯೇ ಸಾಕ್ಷಿ, ಹಾಗೇ ಬರಲಿ ಎಂದು ನಾನೇ ಹೇಳಿದೆ. ರಸ್ತೆಯಲ್ಲಿ ನಿಂತವರೆಲ್ಲ ನೋಡಿದರು.

12.40ರ ದೂರಿನಲ್ಲಿ ನಾನು ಬರೆಸಿದ್ದು, ಇವಳು ಯಾರನ್ನೂ ಕೇಳದೆ ಬಾಟಲಿ ತೆಗೆದು ಕುಡಿದಿದ್ದಾಳೆ, ಸ್ಪಿರಿಟ್ ಖಾಲಿ ಮಾಡಿದ್ದಾಗಿ ತಾನೇ ಒಪ್ಪಿಕೊಂಡಿದ್ದಾಳೆ ಎಂದು. ಇವಳು ಎಂಬುದನ್ನಾದರೂ ಇವರು ಎಂದು ತಿದ್ದಿಕೊಡಿ ಎಂದು ಈಗ ಕೇಳಿದೆ. ಬರೆದದ್ದನ್ನು ತಿದ್ದಲು ಬರುವುದಿಲ್ಲ ಎಂದು ರೈಟರ್ ತಿಳಿಸಿದರು.

1.00 ಗಂಟೆಗೆ ಅತಿಥಿಗಳು ಬಂದರು. ಅವರಿಗೆ ಬೀರ್ ಕೊಟ್ಟೆವು. ಎಲ್ಲರೂ ಸಂತೋಷದಿಂದ ಕುಡಿದರು. ಗ್ರಾಪ್ಪಾ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ನಾಲ್ಕು ವರ್ಷ ನಾನು ತಲೆ ಕೆಡಿಸಿಕೊಂಡದ್ದು ಇವರಿಗಾಗಿಯೇ ಎಂದು ತಲೆ ಚಚ್ಚಿಕೊಳ್ಳುವಂತಾಯಿತು.

2.30ಕ್ಕೆ, ತೊಟ್ಟಿಯ ಹತ್ತಿರ ಯಾರೂ ಇಲ್ಲದ್ದರಿಂದ, ಬೋರಲಾಗಿದ್ದ ಗ್ಲಾಸುಗಳನ್ನು ಜಾಲಿಸಲು ನಾನೇ ಬಿಸಿನೀರು ಬಿಟ್ಟೆ. ಮೊದಲ ಗ್ಲಾಸಿನಿಂದ ಎದ್ದ ಹಬೆಯಲ್ಲಿ ಒಣದ್ರಾಕ್ಷಿಯ ಮತ್ತು ಬಾದಾಮಿಯ ವಾಸನೆ ಬಂತು. ಎರಡನೆಯದರಲ್ಲೂ ಬಂತು. ಅರವತ್ತನಾಲ್ಕನ್ನೂ ಒಂದೊಂದಾಗಿ ಮೂಸಿ ನೋಡಿದೆ. ಒರೆಸುವ ಬಟ್ಟೆಯನ್ನು ಮೂಸಿದೆ. ಐಸ್ ಬಕೆಟ್ಟಿಗೆ ಕೈ ಹಾಕಿದಾಗ ಲೇಬಲ್ ತಳದಲ್ಲಿ ಸಿಕ್ಕಿತು. ನಿಜವಾದ ಸ್ಪಿರಿಟ್ ಬಾಟಲಿ ಇನ್ನೂ ಮೇಲೆ ಎತ್ತಿಡದೆ ತೊಟ್ಟಿಯ ಕೆಳಗೆ ತುಂಬಿದಂತೆಯೇ ಇತ್ತು. ಆ ಗ್ಲಾಸುಗಳು ಅಷ್ಟು ಹೊಳೆದದ್ದನ್ನು ನಾನು ಎಂದೂ ಕಂಡಿಲ್ಲ. ಬಾಯಿಯ ವಾಸನೆಗೂ ಕೈಯ ವಾಸನೆಗೂ ವ್ಯತ್ಯಾಸ ತಿಳಿಯದ ಈ ಮೂಗನ್ನು ಇಟ್ಟುಕೊಂಡು ಇಪ್ಪತ್ತಾರು ವರ್ಷ ಸಂಬಳ ತೆಗೆದುಕೊಂಡಿದ್ದೇನೆ.

ಯಜಮಾನರಿಗೆ ಹೇಳಿದೆ. ಹೋಗಲಿ ಬಿಡಿ, ಸಂಜೆಗೆ ಪೊಲೀಸರೇ ಕಳಿಸುತ್ತಾರೆ, ಈಗ ಹೋಗಿ ನಮ್ಮ ಮರ್ಯಾದೆ ಕಳೆಯಬೇಡಿ ಎಂದರು. ಅವರ ಮಾತು ಕೇಳದೆ 3.10ಕ್ಕೆ ಠಾಣೆಗೆ ಬಂದೆ. ರೈಟರ್ ಇಲ್ಲವೆಂದು ನಲವತ್ತು ನಿಮಿಷ ಕಾಯಿಸಿದರು. ಗ್ಲಾಸಕ್ಕ ಮಹಿಳಾ ಪೇದೆಯ ಪಕ್ಕದ ಬೆಂಚಿನಲ್ಲಿ ಅದೇ ಮೇಲಂಗಿಯಲ್ಲಿ ಕುಳಿತಿದ್ದರು. ಮೇಲಂಗಿ ಮೈಮೇಲೆಯೇ ಆರಿ ಬಿಗಿಯಾಗಿತ್ತು. ಅವರ ಮಗಳು ಊಟದ ಡಬ್ಬಿ ತಂದು ಬಾಗಿಲಲ್ಲಿ ನಿಂತಿದ್ದಳು. ಅಮ್ಮ ಕುಡೀತಾರಾ ಎಂದು ಮಗಳು ನನ್ನನ್ನು ಕೇಳಿದಳು. ಇಲ್ಲಮ್ಮ ಎಂದೆ. ಹಾಗಾದರೆ ಯಾಕೆ ಬರೆಸಿದಿರಿ ಎಂದಳು.

ತಿಳಿಯದೆ ಆದ ತಪ್ಪು, ಇಬ್ಬರದ್ದೂ ಇದೆ, ರಾಜಿ ಎಂದು ಬರೆದು ಮುಗಿಸೋಣ ಎಂದು ರೈಟರ್ ಸೂಚಿಸಿದರು. ನಾನು ಒಪ್ಪಿದೆ. ಆಗ ಗ್ಲಾಸಕ್ಕ ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಬಂದು ಹೇಳಿದರು: "ನನ್ನನ್ನ ಬಿಡಿಸೋಕೆ ಅಂತ ಏನೂ ಬರೆಸಬೇಡಿ ಮೇಷ್ಟ್ರೆ. ನಾನು ಕೇಳಿದ್ದೆ ಅಂತ ಬರೆಸಿ, ಸಾಕು."

ಏನು ಕೇಳಿದ್ದಿರಿ ಎಂದು ರೈಟರ್ ವಿಚಾರಿಸಿದರು. ಇವತ್ತು ಸ್ಪಿರಿಟ್ ವಾಸನೆ ಬೇರೆ ಥರ ಇದೆ, ಇದರಲ್ಲೇ ಒರೆಸಲಾ ಎಂದು ಎರಡು ಸಲ ಕೇಳಿದ್ದಾಗಿ ಗ್ಲಾಸಕ್ಕ ತಿಳಿಸಿದರು. ಇದನ್ನು ನಾನು ಮೇಲೆ 10.50ರ ನಂತರ, ಯಜಮಾನರೊಡನೆ ಮಾತನಾಡುತ್ತಿದ್ದ ಜಾಗದಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. 12.40ರ ದೂರಿನಲ್ಲೂ ಹೇಳಲಿಲ್ಲ.

ಇದು ನಿಜವೇ, ಇವರು ಕೇಳಿದ್ದು ನಿಮಗೆ ಕೇಳಿಸಿತ್ತೇ ಎಂದು ರೈಟರ್ ನನ್ನನ್ನು ಪ್ರಶ್ನಿಸಿದರು. ನಾನು ಹೂಂ ಎಂದೆ.

"ಹೂಂ ಅಂತ ಬರೆಯೋಕಾಗಲ್ಲ ರೀ. ಬಾಯಿ ಬಿಟ್ಟು ಹೇಳಿ" ಎಂದರು.

ಬಾಯಿ ಬಿಟ್ಟು ಹೇಳುತ್ತಿದ್ದೇನೆ. ಗ್ಲಾಸಕ್ಕ ಕೇಳಿದ್ದರು. ಎರಡು ಸಲವೂ ನನಗೆ ಕೇಳಿಸಿತ್ತು. ಎರಡು ಸಲವೂ ತಿರುಗಿ ನೋಡದೆ ಹೂಂ ಎಂದಿದ್ದೆ.

ಇಷ್ಟನ್ನೂ ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ. ಬರೆದದ್ದನ್ನು ಗ್ಲಾಸಕ್ಕನ ಎದುರಿಗೆ ಗಟ್ಟಿಯಾಗಿ ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಪೊಲೀಸ್ ಠಾಣೆ, ರೈಟರ್ ಕೊಠಡಿ
ದಿನಾಂಕ: 14, ಶನಿವಾರ, ಸಂಜೆ 4.35
ಸಹಿ: (ದೂರುದಾರ)