ಹಿರಾಬುಕಿ ಸೆನ್ಸೆಯವರ ಮಾತು ಸಿಕ್ಕ ಬಗೆ

ಮಾನ್ಯ ಅಧ್ಯಕ್ಷರೇ, ಎಂಬತ್ತೆಂಟು ತುಂಬಿದರೂ ಬೆನ್ನು ಬಾಗದ ನಮ್ಮ ಗುರುಗಳು ಹಿರಾಬುಕಿ ಸೆನ್ಸೆಯವರೇ, ಹಿಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ಸಭಿಕರೇ,

ಮೂವತ್ತು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ಸೆನ್ಸೆಯವರು ನಮ್ಮ ಮತ್ಸುಮೊಟೊ ಊರಿನ ರೇಡಿಯೊದಲ್ಲಿ ಹತ್ತು ನಿಮಿಷ ಮಾತಾಡಿ, ಆಮೇಲೆ ಬೀಥೊವೆನ್‌ನನ್ನೋ ಬಾಖ್‌ನನ್ನೋ ಕೇಳಿಸುತ್ತಿದ್ದರು. ಆ ಮಾತುಗಳನ್ನೇ ಇಂದು ಅವರಿಗೆ ಉಡುಗೊರೆಯಾಗಿ ಕೊಡಬೇಕೆಂದು ಸಮಿತಿ ಹೊರಟಿತು. ರೇಡಿಯೊದವರು ಒಂದನ್ನೂ ಉಳಿಸಿರಲಿಲ್ಲ. "ಕುವಾಬಾರಾ ಮನೇಲಿ ಒಂಬೈನೂರು ಕ್ಯಾಸೆಟ್ ಇವೆಯಲ್ಲ!" ಎಂದು ಎಲ್ಲರೂ ನನ್ನ ಬಾಗಿಲಿಗೆ ಬಂದರು.

ಇದ್ದವು, ನಿಜ. ಆದರೆ ನಮ್ಮ ಕಾಲದ ಗಂಡಸರ ಚಟ ನಿಮಗೆ ಗೊತ್ತೇ ಇದೆ. ರೇಡಿಯೊದಿಂದ ಸಂಗೀತ ಹಿಡಿಯುವಾಗ ಮಾತಿನ ಒಂದಕ್ಷರವೂ ಸೇರಬಾರದು. ಸೆನ್ಸೆ ಬಾಯಿ ತೆರೆದರೆ ಸಾಕು, ನನ್ನ ಬೆರಳು ಬಟನ್ ಮೇಲೆ! ಒಂಬೈನೂರು ಕ್ಯಾಸೆಟ್‌ನಲ್ಲಿ ಸೆನ್ಸೆಯ ಒಂದು ಕೆಮ್ಮೂ ಇಲ್ಲ. ಗುರುವನ್ನು ಇಷ್ಟು ಅಚ್ಚುಕಟ್ಟಾಗಿ ಅಳಿಸಿದ ಶಿಷ್ಯ ಇನ್ನೊಬ್ಬನಿದ್ದಾನೆಯೇ?

ತಲೆ ಮೇಲೆ ಕೈ ಹೊತ್ತು ಕೂತೆ. ಆಗ ನನ್ನ ಹೆಂಡತಿ ಮಿತ್ಸುಯೊ, ಅಗೋ ಮೂರನೇ ಸಾಲಿನಲ್ಲಿದ್ದಾಳೆ, ಅಡುಗೆಮನೆಯಿಂದ ಬಿಸ್ಕತ್ತಿನ ಡಬ್ಬಗಳನ್ನು ತಂದು ಮುಂದಿಟ್ಟಳು. ತುಂಬ ಕ್ಯಾಸೆಟ್! ಅಡುಗೆಮನೆಯ ರೇಡಿಯೊದ ಮುಂದೆ ರೆಕಾರ್ಡರ್ ಇಟ್ಟು ಹಿಡಿದದ್ದು. ಬರೀ ಸೆನ್ಸೆಯ ಮಾತು; ಸಂಗೀತ ಶುರುವಾದೊಡನೆ ಖಟ್!

"ಅಲ್ಲ ಕಣೇ, ಸಂಗೀತ ಯಾಕೆ ಬಿಟ್ಟೆ?"

"ಅದನ್ನ ನೀವು ಹಿಡೀತಿದ್ರಲ್ಲ."

"ಮತ್ತೆ ಮಾತು ಯಾಕೆ ಹಿಡಿದೆ?"

"ಭಾನುವಾರ ಈ ಮನೇಲಿ ನನ್ನ ಜೊತೆ ಮಾತಾಡ್ತಿದ್ದ ಗಂಡಸು ಅವರೊಬ್ಬರೇ ಕಣ್ರೀ."

ಸಭಿಕರೇ, ನೀವು ನಕ್ಕಿರಿ. ನನಗೆ ಅವತ್ತು ನಗು ಬರಲಿಲ್ಲ.

ಪ್ರತಿ ಮಾತಿನ ಕೊನೆಗೆ ಪಕ್ಕದ ಕೋಣೆಯಿಂದ ನನ್ನ ದನಿಯೂ ಕೇಳುತ್ತದೆ: "ಅಬ್ಬ, ಮುಗಿಸಿದನಪ್ಪ ಮಹಾರಾಯ!" ಸೆನ್ಸೆ, ಕ್ಷಮಿಸಬೇಕು. ಅಳಿಸುತ್ತೇನೆಂದರೆ ಅವಳು ಬಿಡಲಿಲ್ಲ. "ಒಮ್ಮೆ ಅಳಿಸಿದ್ದು ಸಾಲದಾ?" ಎಂದಳು.

ಮೇಜಿನ ಮೇಲೆ ಎರಡು ರೆಕಾರ್ಡರ್ ಇಟ್ಟೆವು. ಮೊದಲು ಅವಳ ಮಾತು, ಆಮೇಲೆ ನನ್ನ ಸಂಗೀತ. ಒಂದು ಪಿಯಾನೊ ಕೃತಿಯ ಬಗ್ಗೆ ಸೆನ್ಸೆ ಹೇಳುತ್ತಾರೆ: "ಎಡಗೈ ಮೊದಲಿನಿಂದಲೂ ಒಂದೇ ಪ್ರಶ್ನೆ ಕೇಳುತ್ತಿದೆ. ಬಲಗೈ ತನ್ನ ಪಾಡಿಗೆ ಹಾಡಿಕೊಳ್ಳುತ್ತಿದೆ." ನಲವತ್ತು ವರ್ಷ ಕೇಳಿದ ಕೃತಿ ಅದು. ಎಡಗೈ ನನಗೆ ಕೇಳಿಸಿದ್ದು ಹೋದ ತಿಂಗಳು.

ಸೆನ್ಸೆ, ಆ ಡಬ್ಬಗಳು ಇಗೋ, ನಿಮ್ಮವು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ನನ್ನ ಮಾತು ಉದ್ದವಾಯಿತು. ಆದರೂ ಮೂರನೇ ಸಾಲಿನಲ್ಲಿ ಒಬ್ಬಳು ಮಡಿಲಲ್ಲಿ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದಾಳೆ. ಇಷ್ಟು ಹೊತ್ತಾದರೂ ಬಟನ್ ಒತ್ತಿ ನಿಲ್ಲಿಸಿಲ್ಲ.

ಕೇಳಿದ ನಿಮಗೆಲ್ಲ, ಹಿಡಿದುಕೊಂಡ ಅವಳಿಗೆ, ನನ್ನ ವಂದನೆ. ನಮಸ್ಕಾರ.